ಮನೆಯ ಪಾಠ ಮತ್ತು ತೆರೆದ ಬಾಗಿಲು

ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಬೇಕೆಂಬ ಹಂಬಲ ಈಚೆಗೆ ಕೆಲವು ತಂದೆತಾಯಿಗಳಲ್ಲಿ ಕಂಡುಬರುತ್ತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂತಹ ಊರುಗಳಲ್ಲಿ ಹೀಗೆ ಯೋಚಿಸುವವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಏನನ್ನು, ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಕಲಿಸಬೇಕು? ಪ್ರಶ್ನೆ ಹೊಸದೆಂದು ತೋರಿದರೂ ನಮ್ಮ ನಾಡಿನಲ್ಲಿ ಅದಕ್ಕೆ ಹಳೆಯ ಉತ್ತರಗಳಿವೆ. ಆ ಉತ್ತರಗಳಲ್ಲಿ ಗುಣವೂ ಇದೆ, ದೋಷವೂ ಇದೆ. ಎರಡನ್ನೂ ಅರಿತು ಮುಂದುವರಿಯುವುದು ವಿವೇಕ.

ಮನೆಯ ಪಾಠದ ಚಿತ್ರವೊಂದು ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿದೆ. ವೃಷಭದೇವನು ತನ್ನ ಹೆಣ್ಣುಮಕ್ಕಳಿಬ್ಬರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಅಕ್ಷರಗಳನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದನು. ಆಮೇಲೆ ಗಂಡುಮಕ್ಕಳಿಗೆ ಬೇರೆ ಬೇರೆ ವಿದ್ಯೆಗಳನ್ನು ಹಂಚಿದನು. ಭರತನಿಗೆ ಹೇಳಿದ್ದನ್ನೇ ಬಾಹುಬಲಿಗೆ ಹೇಳಲಿಲ್ಲ. ಪುರಾಣವನ್ನು ಇತಿಹಾಸವೆಂದು ಹೇಳಬೇಕಾಗಿಲ್ಲ. ಆದರೆ ಅದನ್ನು ಬರೆದ ಕಾಲದವರು ಪಠ್ಯಕ್ರಮವನ್ನು ಹೇಗೆ ಭಾವಿಸಿದ್ದರೆಂಬುದು ಇಲ್ಲಿ ತಿಳಿಯುತ್ತದೆ. ಬುನಾದಿಯಲ್ಲಿ ಅಕ್ಷರ ಮತ್ತು ಲೆಕ್ಕ. ಅದರ ಮೇಲೆ ಮಗುವಿಗೆ ತಕ್ಕ ವಿದ್ಯೆ. ಕಲಿಕೆಯ ಆರಂಭ ಹೆಣ್ಣುಮಕ್ಕಳಿಂದಲೇ ಆಯಿತೆಂಬುದನ್ನೂ ನಾವು ನೆನಪಿನಲ್ಲಿಡಬೇಕು.

ಪುರಾಣದಿಂದ ಚರಿತ್ರೆಗೆ ಬಂದರೆ ಕಾಣುವುದು ಕೂಲಿಮಠ. ಐಗಳ ಮನೆಯ ಜಗುಲಿಯೋ ದೇವಾಲಯದ ಪಡಸಾಲೆಯೋ ಅದರ ನೆಲೆ. ಇಂತಹ ಮಠಗಳ ದಿನಚರಿಯನ್ನು ವಿವರವಾಗಿ ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್. 1823ರ ಅವನ ವರದಿಯಂತೆ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳಿದ್ದವು, ಅವುಗಳಲ್ಲಿ 235 ಕನ್ನಡದವು. ಮಗುವಿಗೆ ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸ. ಬೆಳಗ್ಗೆ ಆರು ಗಂಟೆಗೆ ಮಕ್ಕಳು ಸೇರುತ್ತಿದ್ದರು. ಮೊದಲು ಬಂದವನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತು, ಬಳಿಕ ಹಲಗೆ ಮತ್ತು ಕಡತಗಳ ಮೇಲೆ ಬರೆಯುವುದು. ಮಗ್ಗಿಗಳನ್ನು ಒಕ್ಕೊರಲಿನಿಂದ ಹೇಳಿ ಬಾಯಿಪಾಠ ಮಾಡುವುದು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ವಿಶೇಷವಾಗಿ ಮೆಚ್ಚಿಕೊಂಡನು. ಮದರಾಸಿನಲ್ಲಿ ಇದನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯ ಮೂಲಕ ಈ ಪದ್ಧತಿ ಇಂಗ್ಲೆಂಡಿಗೂ ಹೋಯಿತು.

ಆದರೆ ಅದೇ ವರದಿ ದೋಷಗಳನ್ನೂ ಮುಚ್ಚಿಡುವುದಿಲ್ಲ. ತಡವಾಗಿ ಬಂದವನಿಗೆ ಏಟು, ಅವನ ಹಿಂದೆ ಬಂದವನಿಗೆ ಒಂದು ಏಟು ಹೆಚ್ಚು. ತಪ್ಪು ಮಾಡಿದವನ ಕೈಗಳನ್ನು ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಹಳೆಯ ಕಾವ್ಯಭಾಷೆಯ ಗ್ರಂಥಗಳನ್ನು ಮಕ್ಕಳು ಅರ್ಥ ತಿಳಿಯದೆಯೇ ಕಂಠಸ್ಥ ಮಾಡುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಬ್ರಾಹ್ಮಿ ಮತ್ತು ಸುಂದರಿಯರ ಕಥೆಯನ್ನು ಓದಿದ ನಾಡಿನಲ್ಲಿಯೇ ಹೀಗಾಯಿತು. ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಇದನ್ನು ಓದಿ ತಲೆತಗ್ಗಿಸಬೇಕು.

ಅದೇ ಕಾಲದಲ್ಲಿ ಮನೆಯ ಪಾಠವೂ ವಿಪುಲವಾಗಿತ್ತು. ಮದರಾಸು ಪಟ್ಟಣದಲ್ಲಿ ಮನೆಯಲ್ಲಿ ಕಲಿಯುತ್ತಿದ್ದ ಮಕ್ಕಳು 26,000ಕ್ಕೂ ಮಿಕ್ಕಿದ್ದರೆಂದೂ, ಇದು ಶಾಲೆಯ ಮಕ್ಕಳ ಸುಮಾರು ಐದು ಪಟ್ಟೆಂದೂ ಅಂದಿನ ಲೆಕ್ಕ ಹೇಳುತ್ತದೆ. ಕುಲಕಸುಬು ಸಹ ಮನೆಯ ಪಾಠವೇ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಅಂತಹ ವಿದ್ಯೆ ತಂದೆಯಿಂದ ಮಗನಿಗೆ ಬಂದದ್ದೇ ಹೊರತು ಪುಸ್ತಕದಿಂದಲ್ಲ. ಆದರೆ ಮನೆಯೊಳಗೆ ಏನಿತ್ತೋ ಅಷ್ಟೇ ಮಗುವಿಗೆ ದಕ್ಕಿತು. ಅಕ್ಷರವಿದ್ದ ಮನೆಯ ಮಗುವಿಗೆ ಅಕ್ಷರ. ಇಲ್ಲದ ಮನೆಯ ಮಗುವಿಗೆ ಅದು ಎಂದಿಗೂ ಇಲ್ಲ.

ಈ ಗೋಡೆಯನ್ನು ಸ್ವಲ್ಪವಾದರೂ ಒಡೆದದ್ದು ಸಾರ್ವಜನಿಕ ಶಾಲೆ. ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಆರಂಭವಾದವು. 1913ರಲ್ಲಿ ಮೈಸೂರು ಸಂಸ್ಥಾನವು ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಶಾಸನ ಮಾಡಿತು. ಇಂದು ಜಾರಿಯಲ್ಲಿರುವುದು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಆಚರಣೆಗೆ ಬಂದ ಶಿಕ್ಷಣ ಹಕ್ಕು ಕಾಯಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ ಹತ್ತನೆಯ ಪ್ರಕರಣ ಹೇಳುತ್ತದೆ. ಮನೆಯಲ್ಲಿ ಓದಿಸುವವರು ಇದನ್ನು ಮರೆಯಬಾರದು. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂಬ ಹೆಸರಿನಿಂದ ಸ್ಥಾಪಿತವಾದ ಸಂಸ್ಥೆಯ ಮೂಲಕ ಮುಂದೆ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವ ಮಾರ್ಗವೂ ಇದೆ.

ಹಾಗಾದರೆ ಮನೆಯ ಪಾಠದ ಕ್ರಮ ಹೇಗಿರಬೇಕು? ಇತಿಹಾಸದಿಂದ ಗುಣವನ್ನು ಆರಿಸಿಕೊಂಡು ದೋಷವನ್ನು ಬಿಡೋಣ. ಬೆಳಗಿನ ತಿಳಿಯಾದ ಹೊತ್ತು ಭಾಷೆಗೂ ಲೆಕ್ಕಕ್ಕೂ ಮೀಸಲಾಗಲಿ. ಎಳೆಯ ಮಗುವಿಗೆ ಎರಡು ಗಂಟೆ ಸಾಕು. ಒಬ್ಬನೇ ಶಿಷ್ಯನಿರುವಲ್ಲಿ ಶಾಲೆಯ ಆರು ಗಂಟೆಯನ್ನು ಅನುಕರಿಸುವುದು ವ್ಯರ್ಥ ಶ್ರಮ. ಮಗ್ಗಿ ಬಾಯಿಗೆ ಬರಲಿ, ಆದರೆ ಕಾಲು, ಅರೆ, ಮುಕ್ಕಾಲಿನ ಲೆಕ್ಕವನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ತೂಕದಲ್ಲಿ ಮಗು ಕಣ್ಣಾರೆ ಕಾಣಲಿ. ಪದ್ಯ ಕಂಠಸ್ಥವಾಗಲಿ, ಆದರೆ ಅರ್ಥ ಹೇಳದೆ ಒಂದು ಸಾಲೂ ಬೇಡ. ಮಧ್ಯಾಹ್ನ ಕೈಕೆಲಸ: ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಿಡಿಸುವ ಕುಶಲಿಗಳ ಬಳಿ ಕುಳಿತರೆ ವೃತ್ತ, ವ್ಯಾಸಗಳ ಪಾಠ ತಾನಾಗಿ ಆಗುತ್ತದೆ. ವಾರದಲ್ಲಿ ಒಂದು ದಿನ ಊರ ಪಾಠ: ಮಾಗಡಿಯಲ್ಲಿ ಕೆಂಪೇಗೌಡರ ಕೋಟೆ; ಕನಕಪುರದ ಹಿಪ್ಪುನೇರಳೆ ತೋಟ; 1994ರಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ. ಬೆತ್ತಕ್ಕೆ ಎಲ್ಲಿಯೂ ಸ್ಥಳವಿಲ್ಲ. ಮನೆಯಲ್ಲಿ ಮಗನೂ ಮಗಳೂ ಇದ್ದರೆ ಇಬ್ಬರಿಗೂ ಒಂದೇ ಪಾಠ.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಮನೆಯಲ್ಲಿಯೇ ಬೆಳೆದ ಮಗುವಿಗೆ ತನ್ನಂತಲ್ಲದ ಮಕ್ಕಳ ಒಡನಾಟ ತಾನಾಗಿ ದೊರೆಯುವುದಿಲ್ಲ. ಊರ ಶಾಲೆಯಲ್ಲಿ ಕೂಲಿಕಾರನ ಮಗನೂ ಸಾಹುಕಾರನ ಮಗಳೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಬಹುದು. ಮನೆಯ ಪಡಸಾಲೆಯಲ್ಲಿ ಅದು ನಾವು ಮನಸ್ಸು ಮಾಡಿದರೆ ಮಾತ್ರ ಸಾಧ್ಯ. ಮಗುವಿನ ಹಿತಕ್ಕಾಗಿ ಕಟ್ಟಿದ ಏರ್ಪಾಡು ನಮಗೇ ತಿಳಿಯದಂತೆ ವಿದ್ಯೆಯ ಪರಿಗ್ರಹವಾಗಬಹುದು.

ಇದಕ್ಕೆ ಪರಿಹಾರ ನಮ್ಮ ಪರಂಪರೆಯಲ್ಲಿಯೇ ಇದೆ. ಆಹಾರ, ಔಷಧ, ಅಭಯ ದಾನಗಳ ಜೊತೆಗೆ ಶಾಸ್ತ್ರದಾನವನ್ನೂ ಹಿರಿಯರು ಎಣಿಸಿದರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ವಿದ್ಯೆ ತನ್ನ ಮನೆಯಲ್ಲಿ ಉಳಿಯಬೇಕೆಂದು ಆಕೆ ಬಯಸಲಿಲ್ಲ. ಕೂಲಿಮಠದಲ್ಲಿ ಹಿರಿಯ ಹುಡುಗ ಕಿರಿಯನಿಗೆ ಕಲಿಸಿದಂತೆ, ಮನೆಯಲ್ಲಿ ಓದುವ ಮಗುವೂ ಪ್ರತಿದಿನ ಸಂಜೆ ಒಂದು ಗಂಟೆ ಬೀದಿಯ ಇನ್ನೊಂದು ಮಗುವಿನೊಡನೆ ಕುಳಿತು, ತಾನು ಕಲಿತದ್ದನ್ನು ಹೇಳಿಕೊಡಲಿ, ಅದು ಕಲಿತದ್ದನ್ನು ಕೇಳಿ ತಿಳಿಯಲಿ. ವೇಳಾಪಟ್ಟಿ ಬರೆಯುವ ತಂದೆತಾಯಿಗಳು ಮೊದಲು ಆ ಒಂದು ಗಂಟೆಯನ್ನು ಗುರುತುಹಾಕಿಕೊಂಡು, ಉಳಿದ ಪಾಠಗಳನ್ನು ಅದರ ಸುತ್ತ ಜೋಡಿಸಿಕೊಳ್ಳಲಿ.