ಗಣಿತ ಪಠ್ಯರಚನೆಯಲ್ಲಿ ಅಧ್ಯಾಪಕರ ಪಾತ್ರ: ಅಮೆರಿಕದ ಒಂದು ಪ್ರಯೋಗ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಗಣಿತಶಿಕ್ಷಣ ಸುಧಾರಣೆಯು ರಷ್ಯದ ಕೃತಕ ಉಪಗ್ರಹ ಹುಟ್ಟಿಸಿದ ಭೀತಿಯ ಫಲವೆಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯ. ಸ್ಪುಟ್ನಿಕ್ ಹಾರಿದ್ದು ೧೯೫೭ರಲ್ಲಿ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಸ್ ಬೀಬರ್‌ಮನ್ನರ ನೇತೃತ್ವದ ಸಮಿತಿ ೧೯೫೧ರಲ್ಲಿಯೇ ಕಾರ್ಯಾರಂಭ ಮಾಡಿತ್ತು. ಉಪಗ್ರಹದ ದೆಸೆಯಿಂದ ಒದಗಿದುದು ಧನ, ವಿಧಾನವಲ್ಲ.

ಆ ವಿಧಾನ ವಿಸ್ತಾರವಾಗಿ ಪ್ರಯೋಗಕ್ಕೆ ಬಂದುದು ಎಡ್ವರ್ಡ್ ಬೆಗಲ್ ಅವರ ನಿರ್ದೇಶನದಲ್ಲಿ ೧೯೫೮ರಲ್ಲಿ ಸ್ಥಾಪಿತವಾದ ಶಾಲಾ ಗಣಿತ ಅಧ್ಯಯನ ಮಂಡಲಿಯಿಂದ. ೧೯೫೯ರ ಬೇಸಗೆಯಲ್ಲಿ ಕೊಲರಾಡೊದ ಬೋಲ್ಡರ್ ನಗರದಲ್ಲಿ ವಿಶ್ವವಿದ್ಯಾನಿಲಯಗಳ ಗಣಿತಜ್ಞರೂ ಪ್ರೌಢಶಾಲಾ ಅಧ್ಯಾಪಕರೂ ಸುಮಾರು ಸಮಸಂಖ್ಯೆಯಲ್ಲಿ ಕಲೆತು ಕರಡು ಪಠ್ಯಗಳನ್ನು ರಚಿಸಿದರು. ತರ್ಕದ ನಿಷ್ಕೃಷ್ಟತೆಯನ್ನು ಗಣಿತಜ್ಞರು ನಿರ್ಣಯಿಸಬಲ್ಲರು. ಅದು ೧೪ ವರ್ಷದ ಮಕ್ಕಳ ಗ್ರಹಣಶಕ್ತಿಗೆ ನಿಲುಕುವುದೇ ಎಂಬುದನ್ನು ಅಧ್ಯಾಪಕರೇ ಹೇಳಬೇಕು. ಆ ಪಠ್ಯಗಳನ್ನು ಮುಂದಿನ ಶೈಕ್ಷಣಿಕ ವರ್ಷದಲ್ಲಿ ತರಗತಿಗಳಲ್ಲಿ ಬೋಧಿಸಿ, ಅಧ್ಯಾಪಕರ ವರದಿಗಳನ್ನು ಪರಿಶೀಲಿಸಿ, ೧೯೬೦ರಲ್ಲಿ ಪರಿಷ್ಕರಿಸಲಾಯಿತು.

ವಿರೋಧವೂ ತಡವಾಗಲಿಲ್ಲ. ಅಮೂರ್ತ ಕಲ್ಪನೆಗಳನ್ನು ಅಕಾಲದಲ್ಲಿ ಬೋಧಿಸುವುದನ್ನು ೧೯೬೨ರಲ್ಲಿ ೬೦ಕ್ಕೂ ಹೆಚ್ಚು ಗಣಿತಜ್ಞರು ಬಹಿರಂಗವಾಗಿ ಆಕ್ಷೇಪಿಸಿದರು. ೧೯೭೩ರಲ್ಲಿ ಮಾರಿಸ್ ಕ್ಲೈನ್ ಗ್ರಂಥರೂಪದಲ್ಲಿಯೇ ಖಂಡಿಸಿದರು. ಈ ಟೀಕೆ ನಿರಾಧಾರವಾದುದಲ್ಲ. ಆದರೆ ಇದರಿಂದ ಸಹಕಾರದ ವಿಧಾನವೇ ವಿಫಲವಾಯಿತೆಂದು ತೀರ್ಮಾನಿಸಲಾಗದು. ರಚನೆಯಲ್ಲಿಯೂ ಪರೀಕ್ಷೆಯಲ್ಲಿಯೂ ಭಾಗಿಗಳಾದವರು ಕೆಲವರು. ಸಿದ್ಧಪುಸ್ತಕವನ್ನು ಕೈಗೆ ಪಡೆದವರು ಅಸಂಖ್ಯರು. ಮೊದಲಿನವರಿಗೆ ಪ್ರತಿಯೊಂದು ಪಾಠದ ಉದ್ದೇಶ ಚರ್ಚೆಯಿಂದ ತಿಳಿದಿತ್ತು. ಉಳಿದವರಿಗೆ ಅಚ್ಚಾದ ಪುಟ ಮಾತ್ರ ದೊರೆಯಿತು. ಬೀಬರ್‌ಮನ್ನರು ಆರಂಭದಲ್ಲಿ ತರಬೇತಿ ಪಡೆದ ಅಧ್ಯಾಪಕರಿಗಷ್ಟೇ ತಮ್ಮ ಪಠ್ಯಗಳನ್ನು ಒಪ್ಪಿಸುತ್ತಿದ್ದುದರ ಔಚಿತ್ಯ ಇದರಿಂದ ಸ್ಪಷ್ಟವಾಗುತ್ತದೆ. ಸುಧಾರಣೆಯ ಸೋಲನ್ನು ಅಧ್ಯಾಪಕರ ಅಸಾಮರ್ಥ್ಯಕ್ಕೆ ಆರೋಪಿಸುವ ಇತಿಹಾಸಕಾರರು, ಅವರಲ್ಲಿ ಎಷ್ಟು ಮಂದಿಯನ್ನು ಸಹಭಾಗಿಗಳಾಗಿ ಕರೆಯಲಾಗಿತ್ತೆಂಬುದನ್ನು ಮೊದಲು ವಿಚಾರಿಸಬೇಕು.