ಬಾಗಿಲು ತಟ್ಟುವವನು ಮಾತು ಕಲಿತದ್ದು

ಜಾಲಕ್ಕೆ ಸೇರಿದ ಪ್ರತಿಯೊಂದು ಕಂಪ್ಯೂಟರಿಗೂ 65 ಸಾವಿರಕ್ಕೂ ಹೆಚ್ಚು ಬಾಗಿಲುಗಳಿವೆ. ಕಣ್ಣಿಗೆ ಕಾಣುವಂಥವಲ್ಲ, ‘ಪೋರ್ಟ್’ ಎಂಬ ಹೆಸರಿನ, ಬರಿಯ ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳು. ಇ-ಮೇಲ್ ಒಳಬರುವುದು 25ನೆಯದರಿಂದ, ವೆಬ್ ಪುಟ ಸಿಗುವುದು 80 ಅಥವಾ 443ನೆಯದರಿಂದ. ಬಹುಪಾಲು ಬಾಗಿಲುಗಳು ಸದಾ ಮುಚ್ಚಿರುತ್ತವೆ. ತೆರೆದಿರುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಕಾವಲುಗಾರನಿಗೂ ಬೇಕು, ಕಳ್ಳನಿಗೂ ಬೇಕು.

ಈ ಪ್ರಶ್ನೆ ಕೇಳುವ ಉಪಕರಣಗಳಲ್ಲಿ ಹೆಚ್ಚು ಹೆಸರಾದದ್ದು ಎನ್‌ಮ್ಯಾಪ್. 1997ರ ಸೆಪ್ಟೆಂಬರಿನಲ್ಲಿ ‘ಫ್ರ್ಯಾಕ್’ ಎಂಬ ಹ್ಯಾಕರುಗಳ ಪತ್ರಿಕೆಯ 51ನೆಯ ಸಂಚಿಕೆಯಲ್ಲಿ ಅದು ಬೆಳಕು ಕಂಡಿತು. ಬರೆದವರು ಅಮೆರಿಕದ ಗೋರ್ಡನ್ ಲಿಯಾನ್. ದಾಸ್ತೊಯೆವ್‌ಸ್ಕಿಯನ್ನು ಓದಿ ಮೆಚ್ಚಿ ‘ಫಿಯೊದೊರ್’ ಎಂಬ ಅಂಕಿತವಿಟ್ಟುಕೊಂಡವರು. ಸುಮಾರು 2,000 ಸಾಲುಗಳ ಆ ಪ್ರೋಗ್ರಾಮಿಗೆ ಆವೃತ್ತಿಯ ಸಂಖ್ಯೆ ಕೂಡ ಇರಲಿಲ್ಲ. ಇನ್ನೊಂದು ಆವೃತ್ತಿ ತರುವ ಯೋಚನೆಯೇ ಲಿಯಾನ್ ಅವರಿಗಿರಲಿಲ್ಲ. ಓದುಗರು ಬಿಡಲಿಲ್ಲ. ತಿದ್ದುಪಡಿಗಳು, ಸಲಹೆಗಳು ಬಂದು ಬಿದ್ದವು.

1998ರಲ್ಲಿ ಅದು ಎದುರಿನ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಯಾವುದೆಂದು ಊಹಿಸಲು ಕಲಿಯಿತು. 2003ರಲ್ಲಿ, ತೆರೆದ ಬಾಗಿಲಿನ ಹಿಂದೆ ಕೂತಿರುವ ತಂತ್ರಾಂಶ ಯಾವುದು, ಎಷ್ಟು ಹಳೆಯದು ಎಂದು ಹೇಳುವುದನ್ನೂ ಕಲಿಯಿತು. ಆದರೆ ಈ ವಿದ್ಯೆಗೆ ಒಂದು ಮಿತಿ ಇತ್ತು. ಎನ್‌ಮ್ಯಾಪ್ ಒಂದು ಪ್ರಶ್ನೆ ಕೇಳುತ್ತಿತ್ತು, ಬಂದ ಉತ್ತರವನ್ನು ತನ್ನ ಪಟ್ಟಿಯೊಡನೆ ಹೋಲಿಸುತ್ತಿತ್ತು, ಅಷ್ಟೆ. ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬದಲಿಸುವುದು ಅದಕ್ಕೆ ಬಾರದು. ಸ್ಕೈಪ್‌ನ ಎರಡನೆಯ ಆವೃತ್ತಿ ಈ ಕೊರತೆಯನ್ನು ಎತ್ತಿ ತೋರಿಸಿತು. ಮೊದಲ ಪ್ರಶ್ನೆಗೆ ಅದು ಸಾಮಾನ್ಯ ವೆಬ್ ಸರ್ವರಿನಂತೆಯೇ ಉತ್ತರಿಸುತ್ತಿತ್ತು. ಎರಡನೆಯ ಬಾರಿ ಬೇರೆ ರೀತಿಯಲ್ಲಿ ಕೆಣಕಿದಾಗ ಮಾತ್ರ ವೇಷ ಕಳಚುತ್ತಿತ್ತು.

ಇಂಥ ಪ್ರತಿಯೊಂದು ವಿಶೇಷ ಸಂದರ್ಭಕ್ಕೂ ಮೂಲ ಪ್ರೋಗ್ರಾಮನ್ನೇ ತಿದ್ದುತ್ತ ಕೂತರೆ ಅದಕ್ಕೆ ಕೊನೆಯಿಲ್ಲ. ಅದಕ್ಕೆ ಬದಲು, ಪ್ರಶ್ನೋತ್ತರವನ್ನು ಯಾರು ಬೇಕಾದರೂ ಪುಟ್ಟ ಸ್ಕ್ರಿಪ್ಟ್ ಆಗಿ ಬರೆದುಕೊಡಲಿ, ಎನ್‌ಮ್ಯಾಪ್ ಅದನ್ನು ಓಡಿಸಲಿ ಎಂಬುದು ಹೊಸ ಯೋಚನೆ. ಪೂರ್ತಿ ಹೊಸದೇನಲ್ಲ. ಫ್ರಾನ್ಸಿನ ರೆನೊ ಡೆರೆಸೋ 1998ರಲ್ಲಿ ಹೊರತಂದ ನೆಸ್ಸಸ್ ಎಂಬ ಉಪಕರಣ ತನ್ನದೇ ಸ್ಕ್ರಿಪ್ಟ್ ಭಾಷೆಯನ್ನು ಕಟ್ಟಿಕೊಂಡಿತ್ತು. ಎನ್‌ಮ್ಯಾಪ್ ತಂಡ ಹೊಸ ಭಾಷೆ ಕಟ್ಟುವ ಗೋಜಿಗೆ ಹೋಗಲಿಲ್ಲ. 2006ರ ಬೇಸಿಗೆಯಲ್ಲಿ, ವಿದ್ಯಾರ್ಥಿಗಳಿಗೆ ಮುಕ್ತ ತಂತ್ರಾಂಶದ ಕೆಲಸಕ್ಕೆ ಹಣ ಕೊಡುವ ಗೂಗಲ್ ಯೋಜನೆಯಡಿ, ಡಿಮನ್ ಟೊಡೊರೊವ್ ಎಂಬ ವಿದ್ಯಾರ್ಥಿ ಈ ಕೆಲಸ ಕೈಗೆತ್ತಿಕೊಂಡರು. ಆಯ್ದ ಭಾಷೆ ಲುವಾ.

ಲುವಾದ ಕಥೆ ಎನ್‌ಮ್ಯಾಪ್‌ನದಕ್ಕಿಂತ ಸ್ವಾರಸ್ಯದ್ದು. ಬಳಕೆಗೆ ಬಂದ ಹೆಚ್ಚಿನ ಕಂಪ್ಯೂಟರ್ ಭಾಷೆಗಳು ಅಮೆರಿಕ, ಯೂರೋಪುಗಳಲ್ಲಿ ಹುಟ್ಟಿದವು. ಲುವಾ ಹುಟ್ಟಿದ್ದು ಬ್ರೆಜಿಲ್ಲಿನಲ್ಲಿ, 1993ರಲ್ಲಿ, ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. 1977ರಿಂದ 1992ರವರೆಗೆ ಆ ದೇಶ ಕಂಪ್ಯೂಟರ್ ಯಂತ್ರ, ತಂತ್ರಾಂಶಗಳ ಆಮದಿಗೆ ಬಿಗಿಯಾದ ಬೇಲಿ ಹಾಕಿತ್ತು. 1978ರಲ್ಲಿ ಐಬಿಎಂ ನಮ್ಮ ದೇಶ ಬಿಟ್ಟು ಹೋದ ಕಾಲವನ್ನು ಬಲ್ಲವರಿಗೆ ಇಂಥ ನೀತಿ ಅಪರಿಚಿತವೇನಲ್ಲ. ಹೊರಗಿನದು ಸುಲಭವಾಗಿ ಸಿಗದಿದ್ದಾಗ ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ರೂಢಿ ಅಲ್ಲಿ ಬೆಳೆಯಿತು. ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್‌ನ ಎಂಜಿನಿಯರುಗಳಿಗಾಗಿ ವಿಶ್ವವಿದ್ಯಾಲಯದ ಟೆಕ್‌ಗ್ರಾಫ್ ಕೇಂದ್ರ ಎರಡು ಚಿಕ್ಕ ಭಾಷೆಗಳನ್ನು ರೂಪಿಸಿತ್ತು. ಒಂದರ ಹೆಸರು ಸೋಲ್, ಪೋರ್ಚುಗೀಸಿನಲ್ಲಿ ಸೂರ್ಯ. ರೊಬೆರ್ಟೊ ಯೆರುಸಲಿಮ್‌ಸ್ಕಿ, ಲೂಯಿಸ್ ಎನ್ರಿಕೆ ಡಿ ಫಿಗೆರೆಡೊ ಮತ್ತು ವಾಲ್ಡೆಮರ್ ಸೆಲೆಸ್ ಈ ಎರಡರ ಜಾಗದಲ್ಲಿ ಒಂದೇ ಭಾಷೆ ತಂದರು. ಸೂರ್ಯನ ನಂತರ ಬಂದದ್ದರಿಂದ ಅದು ಲುವಾ, ಅಂದರೆ ಚಂದ್ರ.

ಅದು ಚಿಕ್ಕದು, ಬೇರೊಂದು ಪ್ರೋಗ್ರಾಮಿನ ಹೊಟ್ಟೆಯೊಳಗೆ ಹೆಚ್ಚು ಜಾಗ ಬೇಡದೆ ಕೂರುತ್ತದೆ. ಎನ್‌ಮ್ಯಾಪ್‌ಗೆ ಅದಕ್ಕಿಂತ ಮುಖ್ಯವಾಗಿದ್ದ ಗುಣ ಇನ್ನೊಂದು. ಜಾಲದಲ್ಲಿ ಪ್ರಶ್ನೆ ಕೇಳುವುದೆಂದರೆ ಬಹುಪಾಲು ಕಾಯುವುದು. ಸಾವಿರ ಕಂಪ್ಯೂಟರುಗಳನ್ನು ಒಂದಾದ ಮೇಲೊಂದು ಮಾತಾಡಿಸಿದರೆ ದಿನಗಟ್ಟಲೆ ಹಿಡಿಯುತ್ತದೆ. ಹೋಟೆಲಿನ ಮಾಣಿ ಒಂದು ಮೇಜಿಗೆ ದೋಸೆ ಹೇಳಿ, ಅದು ಬೇಯುವ ತನಕ ಅಲ್ಲೇ ನಿಲ್ಲುವುದಿಲ್ಲ. ಮುಂದಿನ ಮೇಜಿಗೆ ಹೋಗುತ್ತಾನೆ, ದೋಸೆ ಸಿದ್ಧವಾದಾಗ ಮೊದಲ ಮೇಜಿನ ಕೆಲಸವನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾನೆ. ಹೀಗೆ ಕೆಲಸವನ್ನು ನಡುವೆ ನಿಲ್ಲಿಸಿ, ನಿಲ್ಲಿಸಿದ ಜಾಗದಿಂದಲೇ ಎತ್ತಿಕೊಳ್ಳುವ ಸೌಲಭ್ಯ ಲುವಾದಲ್ಲೇ ಇದೆ. ಅದಕ್ಕೆ ‘ಕೊರುಟೀನ್’ ಎನ್ನುತ್ತಾರೆ. ಸ್ಕ್ರಿಪ್ಟ್ ಬರೆಯುವವನು ಕೇಳು, ಉತ್ತರ ನೋಡು, ಮತ್ತೆ ಕೇಳು ಎಂದು ಸರಳವಾಗಿ ಬರೆದರೆ ಸಾಕು. ನೂರಾರು ಸಂಭಾಷಣೆಗಳನ್ನು ಒಟ್ಟಿಗೆ ನಡೆಸುವ ತಲೆನೋವು ಎಂಜಿನ್ನಿನದು.

2006ರ ಡಿಸೆಂಬರಿನಲ್ಲಿ ಪರೀಕ್ಷೆಗೆ ಬಿಟ್ಟ ಈ ಎಂಜಿನ್, 2007ರ ಡಿಸೆಂಬರಿನ 4.50 ಆವೃತ್ತಿಯಲ್ಲಿ ಎಲ್ಲರ ಕೈ ಸೇರಿತು. ಮುಂದೆ ಪ್ಯಾಟ್ರಿಕ್ ಡಾನೆಲಿ ಎಂಜಿನ್ನಿನ ತಿರುಳಿನ ಬಹುಭಾಗವನ್ನೂ ಲುವಾದಲ್ಲೇ ಹೊಸದಾಗಿ ಬರೆದರು. ಅತಿಥಿಯಾಗಿ ಬಂದ ಭಾಷೆ ಮನೆವಾರ್ತೆಯನ್ನೇ ವಹಿಸಿಕೊಂಡಿತು.

ಆದರೆ ಯಾರು ಬೇಕಾದರೂ ಬರೆಯಬಹುದು ಎಂದಾಗ, ಬರೆದದ್ದನ್ನು ನಂಬುವುದು ಹೇಗೆ? ಸ್ಕ್ರಿಪ್ಟ್‌ಗಳಿಗೆ ಇಲ್ಲಿ ಪ್ರತ್ಯೇಕ ಬೇಲಿಯೇನೂ ಇಲ್ಲ. ಓಡಿಸುವವನಿಗಿರುವ ಅಧಿಕಾರವೆಲ್ಲ ಸ್ಕ್ರಿಪ್ಟಿಗೂ ಇರುತ್ತದೆ. ಕೆಟ್ಟ ಸ್ಕ್ರಿಪ್ಟ್ ಅವನ ಕಂಪ್ಯೂಟರನ್ನೇ ಹಾಳುಮಾಡಬಹುದು. ಎದುರಿನವನ ಕಂಪ್ಯೂಟರಿಗೆ ಆಗುವ ಅಪಾಯ ಬೇರೆ. ಅದಕ್ಕಾಗಿ ಪ್ರತಿ ಸ್ಕ್ರಿಪ್ಟಿಗೂ ಚೀಟಿ ಅಂಟಿಸುವ ಪದ್ಧತಿ ಬಂತು: ಇದು ‘ಸೇಫ್’, ಇದು ‘ಇಂಟ್ರೂಸಿವ್’ ಅಂದರೆ ಮೇಲೆ ಬೀಳುವಂಥದ್ದು, ಇದು ಹೊರಗಿನ ಮೂರನೆಯವರಿಗೂ ಸುದ್ದಿ ಕಳಿಸುವಂಥದ್ದು ಎಂದು. ಚೀಟಿ ಎಚ್ಚರಿಸುತ್ತದೆಯೇ ಹೊರತು ಕೈ ಹಿಡಿದು ತಡೆಯುವುದಿಲ್ಲ. ಅನುಮತಿಯಿಲ್ಲದೆ ಪರರ ಕಂಪ್ಯೂಟರಿಗೆ ಕೈಹಾಕಿದರೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ವಿಧಿ ಅನ್ವಯಿಸುತ್ತದೆ ಎಂಬುದನ್ನು ಉತ್ಸಾಹಿ ತರುಣರು ಮರೆಯಬಾರದು.

ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಬಂದದ್ದು 2009ರ ಮಾರ್ಚ್ ಕೊನೆಯಲ್ಲಿ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಹುಳು ವಿಂಡೋಸ್‌ನ ಒಂದು ಬಿರುಕಿನ ಮೂಲಕ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿತ್ತು. ಫ್ರಾನ್ಸಿನ ನೌಕಾಪಡೆಯ ಜಾಲವೂ ಅದಕ್ಕೆ ಸಿಕ್ಕಿತ್ತು. ಏಪ್ರಿಲ್ 1ರಂದು ಅದರ ನಡವಳಿಕೆ ಬದಲಾಗಲಿದೆ ಎಂದು ಅದರ ಒಳಗನ್ನು ಬಿಡಿಸಿ ನೋಡಿದವರು ಕಂಡುಕೊಂಡಿದ್ದರು. ದೊಡ್ಡ ಸಂಸ್ಥೆಗಳ ಚಿಂತೆ ಒಂದೇ: ಸಾವಿರಾರು ಕಂಪ್ಯೂಟರುಗಳಲ್ಲಿ ಸೋಂಕು ತಗುಲಿದ್ದು ಯಾವುದಕ್ಕೆ?

ಜರ್ಮನಿಯ ಫೆಲಿಕ್ಸ್ ಲೇಡರ್ ಮತ್ತು ಟಿಲ್‌ಮನ್ ವೆರ್ನರ್ ಒಂದು ಸುಳಿವು ಹಿಡಿದರು. ಹುಳು ಒಳಹೊಕ್ಕ ಮೇಲೆ, ಇನ್ನೊಬ್ಬ ಕಳ್ಳ ಬಾರದಂತೆ ಬಿರುಕನ್ನು ತಾನೇ ಮುಚ್ಚುತ್ತಿತ್ತು. ಆ ತೇಪೆ ಮೈಕ್ರೋಸಾಫ್ಟ್‌ನ ತೇಪೆಯಂತಿರಲಿಲ್ಲ. ಒಂದು ನಿರ್ದಿಷ್ಟ ಸಂದೇಶ ಕಳಿಸಿದರೆ ಸೋಂಕಿನ ಕಂಪ್ಯೂಟರ್ ಬೇರೆಯೇ ಉತ್ತರ ಕೊಡುತ್ತಿತ್ತು. ಮೊದಲಿದ್ದಂತೆ ಎನ್‌ಮ್ಯಾಪ್ ಆಗಿದ್ದರೆ ಮೂಲ ಪ್ರೋಗ್ರಾಮನ್ನು ತಿದ್ದಿಯೇ ಇದನ್ನು ಸೇರಿಸಬೇಕಿತ್ತು. ಈಗ ರಾನ್ ಬೋಸ್ ಕೆಲವೇ ಗಂಟೆಗಳಲ್ಲಿ, ತಾವು ಮೊದಲೇ ಬರೆದಿದ್ದ ಸ್ಕ್ರಿಪ್ಟಿಗೆ ಈ ಪ್ರಶ್ನೆಯನ್ನು ಸೇರಿಸಿದರು. ಮಾರ್ಚ್ 30ರಂದೇ ಹೊಸ ಆವೃತ್ತಿ ಹೊರಬಿತ್ತು.

ಒಂದು ತೊಡಕಿತ್ತು. ಅದೇ ಸ್ಕ್ರಿಪ್ಟ್ ಮಾಡುತ್ತಿದ್ದ ಬೇರೆ ತಪಾಸಣೆಗಳು ಎದುರಿನ ಕಂಪ್ಯೂಟರನ್ನು ಕೆಡವಿಬಿಡುವ ಸಂಭವವಿತ್ತು. ಸೋಂಕು ಹುಡುಕಲು ಹೋಗಿ ಕಚೇರಿಯ ಸರ್ವರನ್ನೇ ಮಲಗಿಸಿದರೆ ಹುಳುವಿಗೂ ವೈದ್ಯನಿಗೂ ಏನು ವ್ಯತ್ಯಾಸ? ಆದ್ದರಿಂದ ಬಳಕೆದಾರರಿಗೆ ಕೊಟ್ಟ ಆಜ್ಞೆಯ ಸಾಲಿನಲ್ಲೇ ‘ಸೇಫ್=1’ ಎಂಬ ತುಣುಕನ್ನು ಸೇರಿಸಿದ್ದರು; ಅದಿದ್ದರೆ ಅಪಾಯದ ತಪಾಸಣೆಗಳು ನಡೆಯುತ್ತಿರಲಿಲ್ಲ.

ಆ ವರ್ಷದ ಜುಲೈನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ 59 ಸ್ಕ್ರಿಪ್ಟ್‌ಗಳಿದ್ದವು. 2012ರ ಆರನೆಯದರಲ್ಲಿ 348. ಇಂದು 600 ದಾಟಿವೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗಲೂ ಕೆಲವೇ ದಿನಗಳಲ್ಲಿ ಅದಕ್ಕೊಂದು ಸ್ಕ್ರಿಪ್ಟ್ ಸಿದ್ಧವಾಯಿತು. ಕಾನ್‌ಫಿಕರ್ ಹುಡುಕಿದ ಆ ಹಳೆಯ ಸ್ಕ್ರಿಪ್ಟನ್ನು 2015ರ ಹೊತ್ತಿಗೆ ಬಿಡಿಸಿ, ಒಂದೊಂದು ತಪಾಸಣೆಗೂ ಒಂದೊಂದರಂತೆ ಬೇರೆ ಮಾಡಿದರು. ಕಾನ್‌ಫಿಕರ್‌ನದು ಈಗ ತನ್ನದೇ ಹೆಸರಿನಲ್ಲಿದೆ; ಮೈಮೇಲಿನ ಚೀಟಿ ಮಾತ್ರ ‘ಇಂಟ್ರೂಸಿವ್’.