ಶ್ರೀಶೈಲದ ದಾರಿ: ಕೂಡಿ ನಡೆಯುವವರ ಪರಂಪರೆ

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಸಮೀಪಿಸುತ್ತಿರಲು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಹಳ್ಳಿಗಳಿಂದ ಮಲ್ಲಯ್ಯನ ಭಕ್ತರು ತಂಡತಂಡವಾಗಿ ಶ್ರೀಶೈಲದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡುವುದನ್ನು ವಾಚಕರು ಬಲ್ಲರು. ಬಾಗೇವಾಡಿ ಸೀಮೆಯ ಮಸೂತಿ, ಕೊಲ್ಹಾರಗಳ ಕಡೆಯಿಂದ ಹೊರಟವನಿಗೆ ದಾರಿ ಸುಮಾರು ನಾಲ್ಕುನೂರು ಕಿಲೋಮೀಟರ್. ರಾಶಿ ಮುಗಿಸಿ ಕೈ ಬಿಡುವಾದ ಒಕ್ಕಲಿಗನು ಒಂದೇ ಓಣಿಯ ಗೆಳೆಯರನ್ನು ಕೂಡಿಕೊಂಡು, ಬುತ್ತಿ ಕಟ್ಟಿಕೊಂಡು, ಫಾಲ್ಗುಣದ ಬಿಸಿಲನ್ನು ಲೆಕ್ಕಿಸದೆ ನಡೆಯುತ್ತಾನೆ.

ಈ ಯಾತ್ರೆಯ ವಿಷಯವಾಗಿ ವಿದ್ಯಾವಂತ ತರುಣರು ಒಂದು ಪ್ರಶ್ನೆಯನ್ನು ಎತ್ತುವುದುಂಟು. ಬಸವಣ್ಣನವರು ಜನಿಸಿದ ನೆಲದವರು ನಾವು. ಇಷ್ಟಲಿಂಗವು ಅಂಗದ ಮೇಲಿರುವಾಗ ಬೆಟ್ಟದ ಮೇಲಿನ ಸ್ಥಾವರವನ್ನು ಕಾಣಲು ಅಷ್ಟು ದೂರ ನಡೆಯುವುದು ಶರಣ ಧರ್ಮಕ್ಕೆ ಒಪ್ಪುವುದೆ? ಪ್ರಶ್ನೆ ಸಾಧುವಾದುದು. ಪ್ರಶ್ನಿಸಿದವನನ್ನು ಗದರಿಸಿ ಕಳಿಸುವುದು ಧರ್ಮವಲ್ಲ. ಉತ್ತರವನ್ನು ಇತಿಹಾಸದಲ್ಲಿಯೇ ಅರಸೋಣ.

ಕನ್ನಡಿಗರಿಗೂ ಶ್ರೀಪರ್ವತಕ್ಕೂ ಇರುವ ನಂಟು ಶರಣರ ಕಾಲಕ್ಕಿಂತ ಬಹು ಹಿಂದಿನದು. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿರುವ 5ನೆಯ ಶತಮಾನದ ಸ್ತಂಭಶಾಸನವು ಕದಂಬ ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ವಿದ್ಯಾರ್ಜನೆಗೆಂದು ಗುರುವಿನೊಡನೆ ಕಂಚಿಗೆ ಹೋಗಿ ಅಲ್ಲಿ ಅಪಮಾನಿತನಾದ ಆತನು ಆಯುಧ ಹಿಡಿದು, ಪಲ್ಲವರ ಗಡಿಗಾವಲಿನವರನ್ನು ಗೆದ್ದು, ಶ್ರೀಪರ್ವತದ ದ್ವಾರದವರೆಗೆ ಹಬ್ಬಿದ ದುರ್ಗಮವಾದ ಅಡವಿಯಲ್ಲಿ ನೆಲೆಯೂರಿದನೆಂದು ಅದರಿಂದ ವಿದಿತವಾಗುತ್ತದೆ. ಕನ್ನಡ ಅರಸುತನದ ಮೊದಲ ಹೆಜ್ಜೆಗಳಲ್ಲಿ ಒಂದು ನಲ್ಲಮಲೆಯ ಆ ಕಾಡಿನಲ್ಲಿಯೇ ಮೂಡಿತೆಂಬುದು ಗಮನಾರ್ಹ.

12ನೆಯ ಶತಮಾನಕ್ಕೆ ಬಂದರೆ ನಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಚರಿತ್ರೆಯೊಂದು ದೊರೆಯುತ್ತದೆ. ಅದು ಸೊನ್ನಲಿಗೆಯ ಸಿದ್ಧರಾಮನದು. ರಾಘವಾಂಕನು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಇದನ್ನು ವಿಸ್ತರಿಸಿದ್ದಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದು ಉಣ್ಣಲು ಬೇಡಿದನು. ಬಾಲಕನು ಮನೆಗೆ ಓಡಿ ಮಜ್ಜಿಗೆ ಅನ್ನವನ್ನು ತರುವಷ್ಟರಲ್ಲಿ ಆತನು ಅಲ್ಲಿರಲಿಲ್ಲ. ‘ಮಲ್ಲಯ್ಯಾ’ ಎಂದು ಅಳುತ್ತ ಅಲೆಯುವ ಹುಡುಗನನ್ನು ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಕಂಡು ತಮ್ಮೊಡನೆ ಕರೆದೊಯ್ದರು. ಕ್ಷೇತ್ರವನ್ನು ಮುಟ್ಟಿ ಗರ್ಭಗುಡಿಯ ಲಿಂಗವನ್ನು ತೋರಿ, ಇವನೇ ನಿನ್ನ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತನ್ನಿಂದ ಅನ್ನ ಬೇಡಿದ ಮಲ್ಲಯ್ಯನೇ ಬೇಕೆಂದು ಬೆಟ್ಟವನ್ನೆಲ್ಲ ಅರಸಿ, ಕಾಣದೆ, ಕೊನೆಗೆ ಕಮರಿಗೆ ಹಾರಲು ಮುಂದಾದಾಗ ದೇವನು ಕೈಹಿಡಿದನು. ಆತನನ್ನು ಅಲ್ಲಿಯೇ ಇರಿಸಿಕೊಳ್ಳದೆ ಸೊನ್ನಲಿಗೆಗೆ ಹಿಂದಿರುಗಿಸಿದನು. ಮರಳಿ ಬಂದ ಸಿದ್ಧರಾಮನು ಊರಿಗೆ ಕೆರೆಯನ್ನು ಕಟ್ಟಿಸಿದನು.

ವಾಚಕರು ಈ ಕಥೆಯ ಮೂರು ಅಂಶಗಳನ್ನು ಲಕ್ಷಿಸಬೇಕು. ದಿಕ್ಕು ತಿಳಿಯದ ಬಾಲಕನಿಗೆ ದಾರಿ ದೊರೆತದ್ದು ಸಹಯಾತ್ರಿಕರಿಂದ. ಕಲ್ಲಿನ ಲಿಂಗವಷ್ಟೇ ಸಾಲದೆಂಬ ಅರಿವು, ಇಂದಿನ ತರುಣರು ಎತ್ತುವ ಅದೇ ಪ್ರಶ್ನೆ, ಆ ಗುಡಿಯ ಬಾಗಿಲಲ್ಲಿಯೇ ಎಂಟುನೂರು ವರ್ಷಗಳಿಗೂ ಹಿಂದೆ ಹುಟ್ಟಿತು. ಯಾತ್ರೆಯ ಫಲವು ತನ್ನ ಊರಿನಲ್ಲಿ, ಪರರ ನೀರಡಿಕೆಯನ್ನು ನೀಗಿದ ಕೆರೆಯಲ್ಲಿ ಕಾಣಿಸಿತು.

ಅಕ್ಕಮಹಾದೇವಿಯ ಮಾರ್ಗ ಬೇರೆಯದು. ತಾಳಗುಂದದಂತೆಯೇ ಶಿಕಾರಿಪುರ ಸೀಮೆಗೆ ಸೇರಿದ ಉಡುತಡಿಯಿಂದ ಆಕೆ ಕಲ್ಯಾಣಕ್ಕೆ ಬಂದಳು. ಅನುಭವ ಮಂಟಪದ ಶರಣರ ಸಂಗದಲ್ಲಿ ನಿಂತು, ಬಳಿಕ ಶ್ರೀಶೈಲದ ಕದಳಿಗೆ ನಡೆದಳು. ಆಕೆಯ ಅಂಕಿತ ಚೆನ್ನಮಲ್ಲಿಕಾರ್ಜುನ. ಸಿದ್ಧರಾಮನ ಅಂಕಿತ ಕಪಿಲಸಿದ್ಧಮಲ್ಲಿಕಾರ್ಜುನ. ಬಸವಣ್ಣನವರು ವಿದ್ಯಾರ್ಥಿದೆಸೆಯನ್ನು ಕಳೆದ ಸಂಗಮಕ್ಷೇತ್ರದ ದೈವವೂ ಅವರ ಅಂಕಿತವಾಗಿ ನಿಂತಿತು. ಸ್ಥಾವರದ ಮಿತಿಯನ್ನು ನಿಷ್ಠುರವಾಗಿ ನುಡಿದ ಶರಣರು ಕ್ಷೇತ್ರದ ಹೆಸರನ್ನು ಬಿಡಲಿಲ್ಲ. ಗುಡಿಯೊಳಗಿದ್ದ ಹೆಸರನ್ನು ಅಂಗೈಯ ಲಿಂಗಕ್ಕೆ ತಂದುಕೊಂಡರು.

ಮಲ್ಲಿಕಾರ್ಜುನ ಪಂಡಿತಾರಾಧ್ಯರ ಚರಿತ್ರೆಯು ಇನ್ನಷ್ಟು ಹೃದಯಸ್ಪರ್ಶಿಯಾದುದು. ಪಾಲ್ಕುರಿಕೆ ಸೋಮನಾಥನು ತೆಲುಗು ದ್ವಿಪದಿಯಲ್ಲಿ ರಚಿಸಿದ ‘ಪಂಡಿತಾರಾಧ್ಯ ಚರಿತ್ರ’ದಂತೆ, ಅವರು ಬಸವಣ್ಣನವರನ್ನು ಕಣ್ಣಾರೆ ಕಾಣಬೇಕೆಂದು ಶಿಷ್ಯರೊಡನೆ ಕಲ್ಯಾಣಕ್ಕೆ ಹೊರಟಿದ್ದರು. ದಾರಿಯಲ್ಲಿಯೇ ಬಸವಣ್ಣನವರು ಲಿಂಗೈಕ್ಯರಾದ ವಾರ್ತೆ ಮುಟ್ಟಿತು. ಒಬ್ಬರನ್ನೊಬ್ಬರು ಕಾಣದ ಆ ಇಬ್ಬರ ಸ್ನೇಹ ಅಲ್ಲಿಗೆ ನಿಂತಿತು. ಶೋಕತಪ್ತರಾದ ಪಂಡಿತಾರಾಧ್ಯರು ಶ್ರೀಶೈಲದೆಡೆಗೆ ತಿರುಗಿದರು, ಅಲ್ಲಿಯೇ ಬಯಲಾದರು. ಅದೇ ಗ್ರಂಥದ ‘ಪರ್ವತ ಪ್ರಕರಣ’ದಲ್ಲಿ ಶಿವರಾತ್ರಿಗೆಂದು ಬೆಟ್ಟವನ್ನೇರುವ ನಾನಾ ದೇಶದ ಭಕ್ತರ ಸಮೂಹ, ಅವರ ಹಾಡು, ಅವರ ಬಳಲಿಕೆ, ಪರಸ್ಪರ ಉಪಚಾರಗಳು ವರ್ಣಿತವಾಗಿವೆ. ಅರಸರ ಪ್ರಶಸ್ತಿಗಳಲ್ಲಿ ಕಾಣದ ಸಾಮಾನ್ಯ ಯಾತ್ರಿಕನು ಅಲ್ಲಿ ಕಾಣುತ್ತಾನೆ.

ಅರಸರೂ ಈ ದಾರಿಗೆ ನೆರವಾಗಿದ್ದಾರೆ. 14ನೆಯ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮನು ಶ್ರೀಶೈಲಕ್ಕೆ ಸೋಪಾನಗಳನ್ನು ಕಟ್ಟಿಸಿದನು. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಕೃಷ್ಣದೇವರಾಯನು 1516ರ ಸುಮಾರಿಗೆ ರಥಬೀದಿಯಲ್ಲಿ ಸಾಲುಮಂಟಪಗಳನ್ನು ನಿರ್ಮಿಸಿದನು. ಕಟ್ಟಿಸಿದವರ ಹೆಸರು ಶಿಲೆಯಲ್ಲಿ ಉಳಿಯಿತು; ಮೆಟ್ಟಿಲುಗಳನ್ನು ಸವೆಸಿದವರು ಹೆಸರಿಲ್ಲದ ಭಕ್ತರು.

ಇನ್ನು ದಾರಿಯನ್ನು ಕುರಿತು. ಮಸೂತಿಯ ದಕ್ಷಿಣಕ್ಕೆ ಕೃಷ್ಣೆ ಹರಿಯುತ್ತಾಳೆ. ಕೊಲ್ಹಾರದ ಬಳಿ ಈಗ ಆಲಮಟ್ಟಿಯ ಹಿನ್ನೀರು ಹರಡಿಕೊಂಡಿದೆ. ಆ ನೀರೇ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು, ರಾಯಚೂರು ಸೀಮೆಯಲ್ಲಿ ಭೀಮೆಯನ್ನು, ಕರ್ನೂಲಿನಿಂದ ಕೆಳಗೆ ಸಂಗಮೇಶ್ವರದಲ್ಲಿ ತುಂಗಭದ್ರೆಯನ್ನು ಕೂಡಿಕೊಂಡು, ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆಯೆನಿಸುತ್ತದೆ. ಯಾತ್ರಿಕನು ಪಾತಾಳಗಂಗೆಯಲ್ಲಿ ಮುಳುಗುವಾಗ ತನ್ನೂರಿನ ಹೊಳೆಯಲ್ಲಿಯೇ ಮುಳುಗುತ್ತಾನೆ. ನದಿಯು ಕೂಡುತ್ತ ಹೋದಂತೆ ತಂಡಗಳೂ ದಾರಿಯುದ್ದಕ್ಕೂ ಕೂಡುತ್ತ ಹೋಗುತ್ತವೆ. ಕರ್ನೂಲು, ಆತ್ಮಕೂರುಗಳನ್ನು ದಾಟಿದ ಮೇಲೆ ನಲ್ಲಮಲೆಯ ಅಡವಿ ಮೊದಲಾಗುತ್ತದೆ. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳಗಳ ಏರಿಳಿತ ಕಳೆದು ಕೈಲಾಸದ್ವಾರವನ್ನು ಮುಟ್ಟಿದಾಗ ‘ಉಘೇ ಮಲ್ಲಯ್ಯ’ ಎಂಬ ಘೋಷ ತಾನಾಗಿಯೇ ಏಳುತ್ತದೆ.

ತಂಡದ ಮುಂದೆ ಮಲ್ಲಯ್ಯನ ಕಂಬಿ ಸಾಗುತ್ತದೆ. ಅದನ್ನು ಒಬ್ಬನೇ ಕಡೆಯವರೆಗೆ ಹೊರಲಾರ. ಹೆಗಲಿನಿಂದ ಹೆಗಲಿಗೆ ಬದಲಿಸುತ್ತ ನಡೆಯಬೇಕು. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿ ನಡೆಯುವುದೂ ಉಂಟು. ಅವರ ಪಕ್ಕದಲ್ಲಿ ಕೈ ನೀಡಲು ಗೆಳೆಯನೊಬ್ಬನಿರಲೇಬೇಕು. ನಮ್ಮ ಸೀಮೆಯವರು ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ಭಾವಿಸಿ ಸೀರೆ, ಬಳೆ, ಅರಿಸಿನ ಕುಂಕುಮಗಳನ್ನು ಒಯ್ಯುತ್ತಾರೆ. ಶಿವರಾತ್ರಿಯಲ್ಲಿ ತೆಲುಗರು ಬಹುವಾಗಿ ನೆರೆದರೆ ಯುಗಾದಿಯಲ್ಲಿ ಬೆಟ್ಟವೆಲ್ಲ ಕನ್ನಡವಾಡುತ್ತದೆ. ದಾರಿಯ ಹಳ್ಳಿಗಳವರು ಗುರುತಿಲ್ಲದ ಯಾತ್ರಿಕರಿಗೆ ರೊಟ್ಟಿ, ಮಜ್ಜಿಗೆ ನೀಡಿ, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕುತ್ತಾರೆ. ಕುಲವನ್ನು ಕೇಳದೆ ನೀಡುವ ಈ ಸೇವೆಗೆ ಶರಣರು ಇಟ್ಟ ಹೆಸರು ದಾಸೋಹ. ಮನೆಯಲ್ಲಿ ಸ್ಥಾವರನಾಗಿದ್ದವನು ಕೆಲವು ದಿನಗಳ ಮಟ್ಟಿಗೆ ಜಂಗಮನಾಗುತ್ತಾನೆ. ಹಸಿದು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದನ್ನು ಕಲಿಯುತ್ತಾನೆ. ತರುಣರ ಪ್ರಶ್ನೆಗೆ ನಾವು ಹೇಳಬಹುದಾದ ಉತ್ತರವಿದು. ಶರಣಧರ್ಮಕ್ಕೆ ಒಪ್ಪುವ ಅಂಶವು ಬೆಟ್ಟದ ತುದಿಗಿಂತ ಹೆಚ್ಚಾಗಿ ಈ ದಾರಿಯಲ್ಲಿದೆ.

ಆದುದರಿಂದಲೇ ದಾರಿ ಕೆಟ್ಟರೆ ಯಾತ್ರೆ ಕೆಟ್ಟಿತು. 2020ರ ಯುಗಾದಿ ಮಾರ್ಚ್ 25ರಂದು ಬಂದಿತು. ದೇಶವೆಲ್ಲ ಬಾಗಿಲು ಹಾಕಿಕೊಂಡ ದಿನವೂ ಅದೇ. ಆ ವಿಘ್ನ ರೋಗದಿಂದ ಬಂದದ್ದು. ಆದರೆ 2022ರ ಯುಗಾದಿಯ ಮುನ್ನಾದಿನಗಳಲ್ಲಿ ಶ್ರೀಶೈಲದ ಬೀದಿಯಲ್ಲಿಯೇ ಕನ್ನಡ ಯಾತ್ರಿಕರಿಗೂ ಸ್ಥಳೀಯ ಅಂಗಡಿಯವರಿಗೂ ಕಲಹವಾಗಿ, ರಕ್ತ ಹರಿದು, ಅಂಗಡಿ ವಾಹನಗಳು ಹಾಳಾದದ್ದು ಮನುಷ್ಯರಿಂದ ಬಂದ ವಿಘ್ನ. ಕ್ಷಣಿಕ ಕೋಪವೊಂದು ಶತಮಾನಗಳ ಅತಿಥಿಸತ್ಕಾರಕ್ಕೆ ಕಳಂಕ ತಂದಿತು. ಮಗಳ ಮನೆಗೆ ಉಡುಗೊರೆ ಒಯ್ದವರು ಅಲ್ಲಿ ಜಗಳವಾಡಿ ಬರಬಹುದೆ? ಉಡುಗೊರೆ ತಂದವರ ಮೇಲೆ ಮಗಳ ಊರಿನವರು ಕೈ ಎತ್ತಬಹುದೆ? ಇಬ್ಬರೂ ಯೋಚಿಸತಕ್ಕ ಮಾತಿದು. ಹುಲಿಗಳ ರಕ್ಷಿತಾರಣ್ಯವಾಗಿರುವ ನಲ್ಲಮಲೆಯಲ್ಲಿ ಪ್ಲಾಸ್ಟಿಕ್ಕನ್ನು ಚೆಲ್ಲುವುದು, ಧ್ವನಿವರ್ಧಕ ಹಚ್ಚಿ ಕುಣಿಯುವುದು, ಮೊದಲು ಮುಟ್ಟುವ ಛಲದಲ್ಲಿ ಬಳಲಿದ ಸಂಗಡಿಗನನ್ನು ಹಿಂದೆ ಬಿಡುವುದು, ಇವೂ ಸಣ್ಣ ದೋಷಗಳಲ್ಲ.

ಪ್ರಿಯ ವಾಚಕರೆ, ಮುಂದಿನ ಯುಗಾದಿಗೆ ನೀವೂ ಗೆಳೆಯರೊಡನೆ ಹೊರಡಬಹುದು. ತಂಡದಲ್ಲಿ ಎಲ್ಲರಿಗಿಂತ ಮೆಲ್ಲನೆ ನಡೆಯುವವನ ನಡಿಗೆಯೇ ನಿಮ್ಮ ತಂಡದ ನಡಿಗೆಯಾಗಲಿ. ಉಂಡ ಹಳ್ಳಿಯನ್ನು ನೆನೆಯಿರಿ. ಮಲಗಿದ ತಾಣವನ್ನು ಗುಡಿಸಿ ಮುಂದೆ ಸಾಗಿರಿ. ಮರಳಿ ಬಂದ ಮೇಲೆ ಸಿದ್ಧರಾಮನನ್ನು ನೆನೆದು, ನಿಮ್ಮ ಊರಿನ ಹೂಳು ತುಂಬಿದ ಕೆರೆಯನ್ನೋ ಹಾಳುಬಿದ್ದ ಬಾವಿಯನ್ನೋ ಅದೇ ಗೆಳೆಯರು ಕೂಡಿ ಒಂದು ದಿನ ಶುಚಿಗೊಳಿಸಿರಿ. ಅಂದಿಗೆ ನಿಮ್ಮ ಯಾತ್ರೆ ಪೂರ್ಣವಾಯಿತೆಂದು ತಿಳಿಯಿರಿ. ಸರ್ವರಿಗೂ ಶುಭವಾಗಲಿ.